ಸವೆಯಲೆಂದೇ ಇರುವುದು

ಮೈಸೂರಿನವರಿಗೆ ಜಾವಾ ಪರದೇಶದ ಹೆಸರೆಂದು ಎಂದೂ ಅನ್ನಿಸಿದ್ದಿಲ್ಲ. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಚೆಕ್ ನಾಡಿನಲ್ಲಿ ಹುಟ್ಟಿದ ಈ ಪದ, 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದ ಮೇಲೆ ನಮ್ಮೂರಿನದೇ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಗಾಡಿಗಳು ಉಳಿದುಕೊಂಡವು. ಅವುಗಳಲ್ಲೊಂದು, 1968ರದು, ತಂದೆಯವರ ವರ್ಗಾವಣೆಯ ಬೆನ್ನಿಗೆ ಹೈದರಾಬಾದಿಗೆ ಬಂದು, ಹಿಮಾಯತ್‌ನಗರದ ನಮ್ಮ ಮನೆಯ ಮೆಟ್ಟಿಲಡಿಯಲ್ಲಿ ಹದಿನಾಲ್ಕು ವರ್ಷ ಗೋಣಿತಟ್ಟು ಹೊದ್ದು ನಿಂತಿತ್ತು.

ಅದರ ಎಂಜಿನ್ನನ್ನು ಮನೆಯಲ್ಲಿಯೇ ಬಿಚ್ಚಿ ಕಟ್ಟಬೇಕೆಂದು ನಾವು ಅಣ್ಣತಮ್ಮಂದಿರು ನಿಶ್ಚಯಿಸಿದುದು ಹವ್ಯಾಸಕ್ಕಲ್ಲ. ತಂದೆಯವರ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಕಾಣದಿದ್ದರೇನು, ಆ ಸದ್ದನ್ನೊಮ್ಮೆ ಕೇಳಬೇಕೆಂಬುದು ಅವರ ಆಸೆಯಾಗಿತ್ತು.

249 ಸಿ.ಸಿ.ಯ ಈ ಎಂಜಿನ್ ಎರಡು ಸ್ಟ್ರೋಕಿನದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ. ನೋಡಲು ಸರಳವೇ. ಆದರೆ ಇದರ ಕ್ರ್ಯಾಂಕ್‌ಕೇಸ್ ಬರಿಯ ಪೆಟ್ಟಿಗೆಯಲ್ಲ, ಶ್ವಾಸಕೋಶ. ಪಿಸ್ಟನ್ ಏರುವಾಗ ಅದು ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನೇ ಒತ್ತಿ ಸಿಲಿಂಡರಿಗೆ ದೂಡುತ್ತದೆ. ಕ್ರ್ಯಾಂಕಿನ ಇಕ್ಕೆಲದ ರಬ್ಬರ್ ಸೀಲುಗಳು ಗಡುಸಾಗಿ ಬಿರಿದರೆ ಉಸಿರು ಸೋರುತ್ತದೆ. ಕ್ಲಚ್ಚಿನ ಬದಿಯದು ಹೋದರಂತೂ ಗೇರೆಣ್ಣೆ ಒಳಸೇರಿ ಬೀದಿಯೆಲ್ಲ ಹೊಗೆ. ಓಡಿ ಸವೆಯುವುದು ಒಂದು ಬಗೆ. ನಿಂತು ಒಣಗುವುದು ಇನ್ನೊಂದು. ನಮ್ಮ ಗಾಡಿಯಲ್ಲಿ ಎರಡೂ ಇದ್ದವು.

ಸೀಲು, ಬೇರಿಂಗುಗಳು ರಾಣಿಗಂಜಿನಲ್ಲಿ ದೊರೆತವು. ಬೇರಿಂಗಿಗೆ ಗಾಡಿಯ ಹೆಸರು ಬೇಡ, ಮೈಮೇಲೆ ಕೊರೆದ ಸಂಖ್ಯೆ ಸಾಕು. ಒತ್ತಿ ಜೋಡಿಸಿದ ಕ್ರ್ಯಾಂಕನ್ನು ಮಾತ್ರ ಮನೆಯಲ್ಲಿ ಬಿಡಿಸುವಂತಿರಲಿಲ್ಲ. ಅದು ಲೇತಿನವರ ಪಾಲಾಯಿತು. ಮಿಲಿಮೀಟರಿನ ನೂರನೆಯ ಒಂದೆರಡು ಪಾಲಿಗಾಗಿ ಅವರು ಅರ್ಧ ದಿನ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಕುಳಿತರು.

ಚರ್ಚೆ ಎದ್ದುದು ಸಿಲಿಂಡರಿನ ವಿಷಯದಲ್ಲಿ. ಅದನ್ನು ಆಗಲೇ ಮೂರು ಬಾರಿ ಕೊರೆದು ದೊಡ್ಡದು ಮಾಡಿದ್ದರು. ಇನ್ನೊಂದೇ ಕೊರೆತಕ್ಕೆ ಎಡೆಯಿತ್ತು. ಹಾಗೆಯೇ ಒರೆಸಿ ಪ್ರದರ್ಶನಕ್ಕಿಟ್ಟರೆ ಉಳಿಯುತ್ತದೆ ಎಂದು ನಮ್ಮಲ್ಲೊಬ್ಬರು. ಓಡದ ಮೇಲೆ ಉಳಿದೇನು ಎಂದು ಇನ್ನೊಬ್ಬರು. ತಂದೆಯವರು ಸಿಲಿಂಡರನ್ನು ಮಡಿಲಲ್ಲಿಟ್ಟುಕೊಂಡು ಉಗುರಿನಿಂದ ಒಳಗೋಡೆಯನ್ನು ತಡವಿದರು. ಮೇಲಿನ ರಿಂಗು ತಿರುಗುವೆಡೆಯಲ್ಲಿ ಸವೆತದ ಅಂಚು ಉಗುರಿಗೆ ತಗುಲಿತು. “ಗಾಡಿ ಇರುವುದು ಸವೆಯುವುದಕ್ಕೆ. ಕೊರೆಸಿ,” ಎಂದರು.

ಕೊರೆಸಿದೆವು. ಪಿಸ್ಟನ್ನಿನ ಬಾಣದ ಗುರುತು ಹೊಗೆದಾರಿಯತ್ತ, ರಿಂಗುಗಳ ಬಾಯಿ ಪುಟ್ಟ ಗೂಟಗಳಿಗೆ ಸರಿಯಾಗಿ. ಇಲ್ಲವಾದರೆ ರಿಂಗಿನ ತುದಿ ದ್ವಾರಕ್ಕೆ ಸಿಕ್ಕಿ ಮುರಿಯುತ್ತದೆ. ಇದನ್ನೆಲ್ಲ ಅವರು ಬೆರಳುಗಳಿಂದಲೇ ಪರೀಕ್ಷಿಸಿ ಒಪ್ಪಿಗೆಯಿತ್ತರು.

ಹೊಸ ಪಿಸ್ಟನ್ ಹದಗೊಳ್ಳುವವರೆಗೆ ನಿಧಾನವಾಗಿ ಓಡಿಸಬೇಕು. ಹೀಗಾಗಿ ನಾವು ಸರದಿಯಂತೆ ಬೆಳಗಿನ ಜಾವ ಹುಸೇನ್‌ಸಾಗರದವರೆಗೆ ಹೋಗಿ ಬರುತ್ತೇವೆ. ಬಾಗಿಲಲ್ಲಿ ಕುಳಿತ ತಂದೆಯವರು, ತಿರುವಿನಲ್ಲಿ ಯಾವ ಗೇರಿನಲ್ಲಿದ್ದೆವೆಂದು ನಾವು ಇಳಿಯುವ ಮೊದಲೇ ಹೇಳುತ್ತಾರೆ.