ಮಾರುತ್‌ನ ಸಣ್ಣ ನಡು

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ 'ಮಾರುತ್' ನಿಂತಿದೆ. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಶಾಲಾ ಪ್ರವಾಸದ ಮಕ್ಕಳು ಅದರ ಚೂಪು ಮೂತಿಯೆದುರು ಫೋಟೊ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಅದರ ಮುಖ್ಯ ಗುಟ್ಟು ನೆಲದ ಮೇಲೆ ನಿಂತವರಿಗೆ ಸರಿಯಾಗಿ ಕಾಣುವುದಿಲ್ಲ.

ಅದಕ್ಕೆ ಕೈಯಲ್ಲಿ ಹಿಡಿಯುವ ಮಾದರಿ ಬೇಕು. ಮಾದರಿ ಜೋಡಿಸುವವರಲ್ಲಿ ಬಳಕೆಯಲ್ಲಿರುವ 1:72 ಅಳತೆಯಲ್ಲಿ, ಸುಮಾರು 15.9 ಮೀಟರ್ ಉದ್ದದ ಮಾರುತ್ 22 ಸೆಂ.ಮೀ.ಗೆ ಇಳಿಯುತ್ತದೆ, 9 ಮೀಟರಿನ ರೆಕ್ಕೆಗಳ ಹರವು 12.5 ಸೆಂ.ಮೀ. (ತೂಕ ಮಾತ್ರ 72ರ ಘನದ ಲೆಕ್ಕದಲ್ಲಿ ಇಳಿಯಬೇಕು. ಸುಮಾರು 6,200 ಕಿಲೋ ತೂಗುವ ಖಾಲಿ ವಿಮಾನ 17 ಗ್ರಾಂ ಆದೀತು. ಲೆಕ್ಕ ಹಾಕಿ ನೋಡಿ!) ಮಿಗ್, ಮಿರಾಜ್‌ಗಳ ಕಿಟ್ ಸಿಕ್ಕಷ್ಟು ಸುಲಭವಾಗಿ ಮಾರುತ್‌ನದು ಸಿಗದು. ನಕ್ಷೆ ನೋಡಿ ಥರ್ಮೊಕೋಲಿನಲ್ಲಿ ಕೊರೆದರೂ ಸಾಕು. ಮೇಲಿನಿಂದ ನೋಡಿದಾಗ, ರೆಕ್ಕೆ ಕೂಡುವಲ್ಲಿ ವಿಮಾನದ ಮೈ ಕೋಲಾ ಬಾಟ್ಲಿಯ ನಡುವಿನಂತೆ ಒಳಕ್ಕೆ ಸರಿದಿರುತ್ತದೆ. ಶಬ್ದದ ವೇಗದ ಆಸುಪಾಸಿನಲ್ಲಿ ಹಾರುವಾಗ, ಮೂತಿಯಿಂದ ಬಾಲದವರೆಗೆ ಅಡ್ಡಸೀಳಿಕೆಯ ವಿಸ್ತೀರ್ಣ ಎಲ್ಲಾದರೂ ತಟ್ಟನೆ ಹೆಚ್ಚಿದರೆ ಗಾಳಿಯ ತಡೆ ಬಹಳ ಏರುತ್ತದೆ. ರೆಕ್ಕೆಯಿಂದ ಕೂಡಿದ್ದನ್ನು ಮೈಯಲ್ಲಿ ಕಳೆಯುವುದೇ ಇದಕ್ಕೆ ಉಪಾಯ.

1956ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ತಂಡವೂ ಮೊದಲು ಮಾಡಿದ್ದು ಒಂದು ಮಾದರಿಯನ್ನೇ. ಆದರೆ ಅದು ಪೂರ್ಣ ಗಾತ್ರದ ಮರದ ಗ್ಲೈಡರ್! 1959ರಲ್ಲಿ ಡಕೋಟಾ ವಿಮಾನ ಅದನ್ನು ಎಳೆದೊಯ್ದು ಬಾನಿನಲ್ಲಿ ಬಿಟ್ಟಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು.

ಮೈ ಸಿದ್ಧವಾಯಿತು, ತಕ್ಕ ಎಂಜಿನ್ ಬರಲಿಲ್ಲ. ಗುರಿಯಿದ್ದದ್ದು ಶಬ್ದದ ಎರಡು ಪಟ್ಟು ವೇಗ. ನೆಚ್ಚಿಕೊಂಡಿದ್ದ ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ನಿನ ಯೋಜನೆ ನಿಂತುಹೋಯಿತು. ಕಡಿಮೆ ಬಲದ ಎರಡು ಆರ್ಫಿಯಸ್ 703 ಎಂಜಿನ್‌ಗಳಿಂದ ಶಬ್ದದ ವೇಗ ಮುಟ್ಟುವುದೇ ಕಷ್ಟವಾಯಿತು. ಇದನ್ನು ಬರೀ ಸೋಲೆನ್ನುವುದು ನ್ಯಾಯವಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ, ನೆಲದ ಗುರಿಗಳ ಮೇಲಿನ ದಾಳಿಯಲ್ಲಿ ಮಾರುತ್ ಚೆನ್ನಾಗಿಯೇ ದುಡಿಯಿತು. ಒಟ್ಟು 147 ತಯಾರಾದವು, 1990ರಲ್ಲಿ ನಿವೃತ್ತಿ.

ಜೆಟ್ಟಿನ ಹಿಂಬದಿಯ ಬಿಸಿ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಪ್ರಯತ್ನ ಬೆಂಗಳೂರಿನಲ್ಲೇ ನಡೆಯಿತು. ಅಂಥ ಏರ್ಪಾಡಿದ್ದ ಮಾರುತ್ 1970ರ ಜನವರಿ 10ರಂದು ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ವಸ್ತುಸಂಗ್ರಹಾಲಯದಿಂದ ನಗರದತ್ತ ಹಿಂದಿರುಗುವಾಗ, ಹಳೆ ಮದರಾಸು ರಸ್ತೆಯ ಕಡೆಗೆ ತಿರುಗುವ ಒಂದು ರಸ್ತೆಗೆ ಅವರ ಹೆಸರಿದೆ.