ನಮ್ಮೂರಿನ ವಕೀಲರು, ನನ್ನ ತಪ್ಪು

ಹೋದ ವರ್ಷ ರಾಜ್ಯೋತ್ಸವಕ್ಕೆ ಕೆಂಗಲ್ ಹನುಮಂತಯ್ಯನವರ ಬಗ್ಗೆ ಮಾತನಾಡಲು ಕನ್ನಡ ಮೇಡಂ ನನಗೆ ಹೇಳಿದರು. ರಾಮನಗರದವಳಾದರೂ ನನಗೆ ಗೊತ್ತಿದ್ದದ್ದು ಒಂದೇ: ಅವರು ವಿಧಾನಸೌಧ ಕಟ್ಟಿಸಿದವರು. ಉಳಿದದ್ದನ್ನು ಲೈಬ್ರರಿಯಲ್ಲಿ ಕುಳಿತು ಓದಿದೆ.

ಅವರು 1908ರಲ್ಲಿ ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಕಾನೂನು ಓದಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲಿಗೂ ಹೋದರು. 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು.

ಆಗ ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹಂಚಿಹೋಗಿದ್ದರು. ಎಲ್ಲರೂ ಒಂದಾಗಬೇಕೆಂಬ ಮಾತು ಬಂದಾಗ ನಮ್ಮ ಹಳೇ ಮೈಸೂರಿನ ಅನೇಕ ಮುಖಂಡರೇ ಬೇಡವೆಂದರು. ಆ ಕಡೆಯವರು ಬಂದರೆ ನಮಗೆ ಹೊರೆ, ನಮ್ಮ ಹಿಡಿತವೂ ತಪ್ಪುತ್ತದೆ ಎಂಬ ಅಂಜಿಕೆ ಅವರದು. ವಕೀಲರೆಂದರೆ ತಮ್ಮ ಕಡೆಯವರ ಪರ ವಾದಿಸುವವರು ಎಂದುಕೊಂಡಿದ್ದೆ. ಇವರು ತಮ್ಮ ಕಡೆಯವರ ಎದುರೇ ನಿಂತು ಏಕೀಕರಣದ ಪರ ವಾದಿಸಿದರು. 1956ರ ಆಗಸ್ಟ್‌ನಲ್ಲಿ, ಸ್ವಂತ ಪಕ್ಷದೊಳಗಿನ ವಿರೋಧದಿಂದ ಅಧಿಕಾರ ಬಿಡಬೇಕಾಯಿತು. ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಆ ಕುರ್ಚಿಯಲ್ಲಿ ಅವರಿರಲಿಲ್ಲ.

ಇದನ್ನು ಬರೆದುಕೊಳ್ಳುವಾಗ ನನ್ನ ಪೆನ್ನು ನಿಂತಿತು. ಆ ವರ್ಷ ನಮ್ಮ ತರಗತಿಗೆ ರಾಯಚೂರಿನ ಹುಡುಗಿಯೊಬ್ಬಳು ಸೇರಿದ್ದಳು. ಅವಳ ತಂದೆ ಬಿಡದಿಯ ಕಡೆ ಕೆಲಸಕ್ಕೆ ಬಂದವರು. ಅವಳು "ಮೇಡಂ ಬರಾಕತ್ತಾರ" ಎಂದರೆ ಸಾಕು, ನನ್ನ ಗೆಳತಿಯರು ಅದನ್ನೇ ಅಣಕಿಸಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಮ್ಮ ಮನೆಮಾತು ಉರ್ದು. ಪ್ರೈಮರಿಯಲ್ಲಿ ಒಮ್ಮೆ "ಅಮ್ಮಿ ಬಂದ" ಎಂದಾಗ ಇಡೀ ತರಗತಿ ನಕ್ಕಿತ್ತು. ಆ ದಿನ ಮನೆಗೆ ಹೋಗಿ ಅತ್ತಿದ್ದೆ. ಅದು ನನಗೆ ಹೇಗೆ ಮರೆತುಹೋಯಿತು?

ಅಂದು ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ನಮ್ಮ ಜೊತೆ ಸೇರಲಿ ಎಂದು ವಾದಿಸಿದವರ ಬಗ್ಗೆ ವೇದಿಕೆಯಲ್ಲಿ ಮಾತಾಡುವುದು, ಕೆಳಗಿಳಿದು ರಾಯಚೂರಿನವಳನ್ನು ನೋಡಿ ನಗುವುದು! ನನಗೆ ನಾಚಿಕೆಯಾಯಿತು.

ಮರುದಿನ ನಲ್ಲಿಯ ಹತ್ತಿರ ಅವಳಲ್ಲಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡು, ಭಾಷಣ ಛಲೋ ಮಾಡು" ಎಂದಳು. ಇನ್ನು ಅಣಕಿಸಬೇಡಿ ಎಂದು ಗೆಳತಿಯರಿಗೂ ಹೇಳಿದೆ. ಅವರು ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟರು. ಆ ನಾಲ್ಕು ದಿನವೇ ನನಗೆ ಅಷ್ಟು ಕಷ್ಟವಾಯಿತು. ಹನುಮಂತಯ್ಯನವರಿಗೆ ಎಷ್ಟಾಗಿರಬೇಕು ಎಂದು ಆಗ ಅನ್ನಿಸಿತು.

ಭಾಷಣಕ್ಕೆ ನನಗೆ ಬಹುಮಾನ ಬರಲಿಲ್ಲ. ಈಗ ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ.