ವಸಂತದಲ್ಲಿ ಕೂಡಲಸಂಗಮಕ್ಕೆ

ಚೈತ್ರ-ವೈಶಾಖಗಳು ವಸಂತ ಋತುವಿನ ಮಾಸಗಳು. ಬೇವು ಹೂಬಿಟ್ಟು, ಮಕ್ಕಳ ಪರೀಕ್ಷೆಗಳು ಮುಗಿದ ಈ ಕಾಲದಲ್ಲಿ ಸದ್ಭಕ್ತ ಕುಟುಂಬಗಳು ಕೂಡಲಸಂಗಮಕ್ಕೆ ಹೊರಡುವುದುಂಟು. ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯಂದು ಜನಸಂದಣಿ ಅಪಾರ. ಎಳೆಯ ಮಕ್ಕಳುಳ್ಳವರು ಅದಕ್ಕೆ ಮುಂಚೆಯೇ ಹೋಗಿಬರುವುದು ಲೇಸು. ಬಾಗಲಕೋಟೆ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುವುದುಂಟಾದ್ದರಿಂದ ಸೂರ್ಯೋದಯಕ್ಕೇ ಅಲ್ಲಿರಬೇಕು.

ಕೃಷ್ಣೆ-ಮಲಪ್ರಭೆಯರು ಕೂಡುವ ಆ ಜಲರಾಶಿ ಶಾಂತವಾಗಿ ಕಂಡರೂ ಮಗುವಿನ ಕೈ ಬಿಡಲಾಗದು. ಬಸವಣ್ಣನವರ ಐಕ್ಯಸ್ಥಳಕ್ಕೆ ಮೆಟ್ಟಿಲಿಳಿದೇ ಹೋಗಬೇಕು. "ಅಜ್ಜಾ, ಇದು ಬಾವಿಯೇ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ದರ್ಶನದ ಅವಸರದಲ್ಲಿ ಹಿರಿಯರು "ಸುಮ್ಮನಿರು" ಎಂದು ಗದರುವುದನ್ನು ಕಂಡಿದ್ದೇನೆ; ಅದು ನನಗೆ ಸರಿತೋರದು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು ಹಿನ್ನೀರು ಆವರಿಸಿದ ಬಗೆಯನ್ನೂ, ಮುಳುಗಬೇಕಿದ್ದ ಐಕ್ಯಸ್ಥಳವನ್ನು ಸುತ್ತಲೂ ಗೋಡೆಯೆಬ್ಬಿಸಿ ಉಳಿಸಿಕೊಂಡುದನ್ನೂ ಮೆಟ್ಟಿಲಿಳಿಯುತ್ತಲೇ ಹೇಳಬಹುದಲ್ಲವೇ? ಉಪನಯನವನ್ನೊಲ್ಲದೆ ಮನೆ ತೊರೆದು ಬಂದ ಬಸವಣ್ಣನವರು ವಿದ್ಯೆ ಕಲಿತದ್ದೂ ಈ ಸಂಗಮದಲ್ಲಿಯೇ. ಅವರೂ ಹಿರಿಯರನ್ನು ಪ್ರಶ್ನಿಸಿದ ಬಾಲಕರೇ!

ಐಹೊಳೆ, ಪಟ್ಟದಕಲ್ಲುಗಳನ್ನೂ ಅದೇ ದಿನ ನೋಡಿ ಮುಗಿಸುವ ಹಟ ಬೇಡ. ಬಿಸಿಲೇರುವ ಮುನ್ನ ಮರದ ನೆರಳು ಹಿಡಿದು ಬುತ್ತಿ ಬಿಚ್ಚಿರಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಕ್ಕಳಿಗೆ ಮೊಸರನ್ನ.